ಹಾಂಗ್‌ಕಾಂಗ್ ಪತ್ರಿಕೆ ಓದಲು ಕಲಿತದ್ದು: ನನ್ನ ಅನುಭವ

ಹಾಂಗ್‌ಕಾಂಗ್‌ನಲ್ಲಿ ಅಂಗಡಿ, ಬಸ್ಸು, ಆಫೀಸಿಗೆ ಬೇಕಾದ ಕ್ಯಾಂಟೊನೀಸ್ ನಾಲಿಗೆಗೆ ಹತ್ತಿದ ಮೇಲೂ ಪತ್ರಿಕೆ ಮಾತ್ರ ದಕ್ಕಿರಲಿಲ್ಲ. ಇಲ್ಲಿನ ಪತ್ರಿಕೆಗಳು ಬಹುಪಾಲು ಶಿಷ್ಟ ಚೀನಿಯಲ್ಲಿರುತ್ತವೆ. ಜನ ಅದನ್ನೇ ಕ್ಯಾಂಟೊನೀಸ್ ಉಚ್ಚಾರದಲ್ಲಿ ಓದುತ್ತಾರೆ. ‘ಅವರು ಹೇಳಿದರು’ ಎನ್ನಲು ಬೀದಿಯಲ್ಲಿ ‘ಖೊಯ್ ವಾ’, ಅಚ್ಚಿನಲ್ಲಿ ‘ಥಾ ಪೀವ್‌ಸಿ’. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಪದಕ್ಕೂ ಎರಡು ಕಾಲಂ: ಆಡುವುದು, ಬರೆಯುವುದು.

ಉಚ್ಚಾರ ಬರೆದುಕೊಳ್ಳಲು ಕನ್ನಡ ಲಿಪಿಯೇ ಸಾಕಾಯಿತು, ರೋಮನ್‌ಗಿಂತ ಚೆನ್ನಾಗಿಯೇ ಒದಗಿತು. ಕ್ಯಾಂಟೊನೀಸನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ 1993ರ ಜ್ಯುತ್‌ಪಿಂಗ್ ಪದ್ಧತಿಯಲ್ಲಿ ಬಿ, ಡಿ, ಜಿ ಎಂದು ಬರೆದದ್ದರ ದನಿ ನಮ್ಮ ಪ, ತ, ಕಗಳಿಗೆ ಹತ್ತಿರ. ಪಿ, ಟಿ, ಕೆ ಎಂದು ಬರೆದದ್ದು ಮಹಾಪ್ರಾಣ. ಪತ್ರಿಕೆ ‘ಪೋಚೀ’, ವರದಿಗಾರ ‘ಕೇಚೆ’, ಮುಖಪುಟದ ಮುಖ್ಯ ಸುದ್ದಿ ‘ಥೌಥೀವ್’. ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳಿಗೆ, ಅಂದರೆ ಆರು ಟೋನ್‌ಗಳಿಗೆ, ಜ್ಯುತ್‌ಪಿಂಗ್‌ನ 1ರಿಂದ 6ರ ಅಂಕೆಗಳನ್ನು ಪಕ್ಕದಲ್ಲೇ ಹಾಕಿಕೊಳ್ಳುತ್ತಿದ್ದೆ. ಅಂಕೆ ಇಲ್ಲದ ಪದವನ್ನು ಕಲಿತ ಪದವೆಂದು ನಾನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಪದಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯದೆ ಒಂದು ಅಕ್ಷರದ ಸುತ್ತ ಸೇರಿಸುತ್ತ ಹೋದೆ. ‘ಮನ್’ ಎಂದರೆ ಕೇಳಿಬಂದದ್ದು. ಸನ್‌ಮನ್ ಸುದ್ದಿ, ಕೊಂಗ್‌ಮನ್ ಹಾಂಗ್‌ಕಾಂಗ್ ಸುದ್ದಿಯ ಪುಟ, ಛ್ಯುನ್‌ಮನ್ ಗಾಳಿಸುದ್ದಿ, ಛೌಮನ್ ಹಗರಣ. ‘ಪೋ’ ಹಿಡಿದರೆ 1959ರಿಂದ ಬರುತ್ತಿರುವ ಮಿಂಗ್ ಪೋ ಪತ್ರಿಕೆಯ ಹೆಸರೂ ಅರ್ಥವಾಗುತ್ತದೆ.

ತಲೆಬರಹಗಳು ನಿಜಕ್ಕೂ ಕಷ್ಟ, ಎಲ್ಲವನ್ನೂ ಕತ್ತರಿಸಿಟ್ಟಿರುತ್ತಾರೆ. ಹಾಂಗ್‌ಕಾಂಗ್ ಸರ್ಕಾರ ‘ಕೊಂಗ್‌ಫ಼ು’ ಆಗುತ್ತದೆ, ಆಡಳಿತದ ಮುಖ್ಯಸ್ಥರು ‘ತಕ್‌ಸೌ’. ದೇಶಗಳಿಗೆ ಒಂದೊಂದೇ ಅಕ್ಷರ. ‘ಚುಂಗ್‌ಯನ್’ ಎಂದರೆ ಚೀನಾ ಮತ್ತು ಭಾರತ. ಇವುಗಳಿಗೆ ನಿಘಂಟಿಗಿಂತ ಸುದ್ದಿಯ ಮೊದಲ ವಾಕ್ಯವೇ ಹೆಚ್ಚು ನೆರವಾಯಿತು. ತಲೆಬರಹದಲ್ಲಿ ಮೊಟಕಾದ ಹೆಸರು ಅಲ್ಲಿ ಸಾಮಾನ್ಯವಾಗಿ ಪೂರ್ತಿಯಾಗಿ ಬರುತ್ತದೆ, ಎರಡನ್ನೂ ಗೆರೆ ಎಳೆದು ಜೋಡಿಸಿದರಾಯಿತು.

ಬೆಳಗ್ಗೆ ಓದಿದ ಒಂದು ಸುದ್ದಿಯನ್ನೇ ಆಮೇಲೆ ಹಾಂಗ್‌ಕಾಂಗ್‌ನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಎಚ್‌ಕೆಯ ರೇಡಿಯೊದಲ್ಲಿ ಕೇಳುತ್ತಿದ್ದೆ. ಅಲ್ಲಿ ವಾಕ್ಯದ ಕಟ್ಟು ಆಡುಮಾತಿನದು, ಪದಗಳು ಪತ್ರಿಕೆಯವು. ನನ್ನ ಎರಡೂ ಕಾಲಂಗಳು ಒಂದೇ ವಾಕ್ಯದಲ್ಲಿ ಸಿಗುತ್ತಿದ್ದವು. ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಸಂಪಾದಕೀಯವನ್ನು, ಅಂದರೆ ‘ಸೆಲನ್’ ಅನ್ನು, ತೀರ ಕೊನೆಗಿಟ್ಟುಕೊಂಡೆ. ಹೊಸಬರು ಕೇಳಿದರೆ ಮೊದಲು ಮನರಂಜನೆಯ ಪುಟ ಓದಿ ಎನ್ನುತ್ತೇನೆ. ನಟ ನಟಿಯರ ಮಾತನ್ನು ಅಲ್ಲಿ ಎಷ್ಟೋ ಸಲ ಆಡಿದಂತೆಯೇ ಉದ್ಧರಣ ಚಿಹ್ನೆಯೊಳಗೆ ಅಚ್ಚು ಹಾಕಿರುತ್ತಾರೆ. ಗೊತ್ತಿರುವ ಪದಗಳಿಂದಲೇ ಓದು ಶುರುವಾಗುತ್ತದೆ.