ಮಣ್ಣಿನ ದುಡ್ಡು, ಗೋಡೆಯ ದುಡ್ಡು: ಹಾಸನದಲ್ಲಿ ನಾನು ಮನೆ ತಗೊಂಡ ಅನುಭವ

ಸೈಟ್ ತಗೊಳ್ಳೋದಾ, ಫ್ಲ್ಯಾಟ್ ತಗೊಳ್ಳೋದಾ ಅಂತ ನಮ್ಮ ಮನೆಯಲ್ಲಿ ಎರಡು ವರ್ಷ ವಾದ ನಡೆಯಿತು. ಹೆಂಡತಿಗೆ ಫ್ಲ್ಯಾಟ್ ಬೇಕಿತ್ತು, ಮಾವನವರಿಗೆ ಸೈಟ್. ನಾನು ತಗೊಂಡಿದ್ದು ಮೂವತ್ತು ವರ್ಷದ ಹಳೇ ಮನೆ, ಅದೂ ದಕ್ಷಿಣಕ್ಕೆ ಬಾಗಿಲು ಇರುವುದು. ಅಪ್ಪ ಮಗಳು ಒಂದೇ ಮಾತಾಡಿದ್ದು ಆವತ್ತೇ ಇರಬೇಕು. ಈಗ ಲೆಕ್ಕ ಕಣ್ಣ ಮುಂದೆ ಇದೆ, ನಕ್ಕವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಇಸಿ (ಆಸ್ತಿಯ ಮಾರಾಟ, ಅಡಮಾನ ನೋಂದಣಿ ಆಗಿರುವುದರ ಪಟ್ಟಿ), ಪಹಣಿ (ಜಮೀನಿನ ದಾಖಲೆ), ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಕಂಪ್ಯೂಟರ್ ದಾಖಲೆ) ಇವನ್ನೆಲ್ಲ ತೆಗೆಸುವುದು ಹೇಗೆ ಅಂತ ಬಿಡಿಸಿ ಹೇಳೋಕೆ ಹೋಗಲ್ಲ.

ನಾನು ವೈರಿಂಗ್ ಕಂಟ್ರಾಕ್ಟರ್. ಬೆಲೆ ಕೇಳಿದ ತಕ್ಷಣ ನಾನು ಮಾಡೋದು ಒಂದೇ: ಅದರಲ್ಲಿ ಮಣ್ಣಿಗೆ ಎಷ್ಟು, ಗೋಡೆಗೆ ಎಷ್ಟು ಅಂತ ಬೇರೆ ಮಾಡೋದು. ಗೋಡೆಗೆ ವರ್ಷಾ ವರ್ಷಾ ವಯಸ್ಸಾಗುತ್ತೆ. ಮಣ್ಣಿಗೆ ಆಗಲ್ಲ.

ಹೊಸ ಬಸ್ ಸ್ಟ್ಯಾಂಡ್ ಕಡೆ ಕಟ್ಟುತ್ತಿದ್ದ ಫ್ಲ್ಯಾಟ್ ಒಂದಕ್ಕೆ ಸುಮಾರು 52 ಲಕ್ಷ ಹೇಳಿದರು. ಕಾಗದದಲ್ಲಿ 1,150 ಚದರ ಅಡಿ. ಅದೇ ನಕ್ಷೆಯ ಕೆಳಗಿನ ಮನೆಗೆ ಗೋಡೆ ಎದ್ದಿತ್ತು, ಟೇಪ್ ಹಿಡಿದು ಒಳಗೆ ಅಳೆದರೆ 820ರ ಹತ್ತಿರ ಬಂತು. ಅದನ್ನೂ ಬಿಡಿ, ಜಾಗದಲ್ಲಿ ನಮ್ಮ ಪಾಲು, ಅದೇ ಯುಡಿಎಸ್, ಬರೀ 400 ಅಡಿ. ಅಲ್ಲಿ ಸೈಟಿನ ದರ ಅಡಿಗೆ 3,500 ಅಂದ್ರೂ ಮಣ್ಣಿಗೆ 14 ಲಕ್ಷ. ಮಿಕ್ಕಿದ್ದೆಲ್ಲ ಗೋಡೆ, ಲಿಫ್ಟು, ಬಿಲ್ಡರ್ ಲಾಭ. ಇನ್ನೂ ಮುಗಿಯದ ಕಟ್ಟಡ, ಬೆಲೆ 45 ಲಕ್ಷ ದಾಟಿದೆ, ಹಾಗಾಗಿ ಜಿಎಸ್‌ಟಿ 5%. ಪಾರ್ಕಿಂಗ್ ಬೇರೆ, ನೋಂದಣಿ ಬೇರೆ. ಕೂಡಿದರೆ 60 ಲಕ್ಷ. ಮೇಲೆ ತಿಂಗಳಿಗೆ 3 ಸಾವಿರ ಮೇಂಟೆನೆನ್ಸ್.

ರೆಡಿ ಇರುವ ಇನ್ನೊಂದು ಫ್ಲ್ಯಾಟ್ ನೋಡಿದೆವು. ಜಿಎಸ್‌ಟಿ ಇಲ್ಲ, ಬೆಲೆಯೂ ಕಡಿಮೆ. ನಾನು ನೇರ ಪ್ಯಾನೆಲ್ ರೂಮಿಗೆ ಹೋದೆ. ಜನರೇಟರ್ ಲೈನ್ ಲಿಫ್ಟಿಗೆ ಮಾತ್ರ ಹೋಗಿತ್ತು, ಸಂಪಿನ ಮೋಟಾರಿಗೂ ಇಲ್ಲ. ಮಾರುವವರು 'ಫುಲ್ ಬ್ಯಾಕಪ್' ಅಂದಿದ್ದರು. ಒಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಕೇಳಿದ್ದಕ್ಕೆ ಬರುತ್ತೆ ಸಾರ್ ಅಂದರು. ಮನೆಯಲ್ಲಿ ಜನ ವಾಸಕ್ಕೆ ಬಂದು ವರ್ಷಗಳೇ ಆಗಿದ್ದವು, ಒಸಿ ಮಾತ್ರ ಇನ್ನೂ ಬರುತ್ತಲೇ ಇತ್ತು.

ಇನ್ನು ಸೈಟು. ವಿಮಾನ ನಿಲ್ದಾಣದ ಹೆಸರು ಹೇಳಿಕೊಂಡು ಬೂವನಹಳ್ಳಿ ಕಡೆ ಎಷ್ಟು ಬ್ರೋಕರ್‌ಗಳು ಸುತ್ತಿಸುತ್ತಾರೆ ಅಂತ ನಿಮಗೂ ಗೊತ್ತು. 30x40, ಅಡಿಗೆ 1,800, ಒಟ್ಟು 21-22 ಲಕ್ಷ. ಕನ್ವರ್ಷನ್ ಆಗಿದೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ್ದಾರೆ ಅಂತ ಆದೇಶ ತೋರಿಸಿದರು. ಸರಿ, ಲೇಔಟ್ ಅಪ್ರೂವಲ್ ಎಲ್ಲಿ ಅಂದೆ. "11ಬಿ ಮಾಡಿಸಿಕೊಡ್ತೀವಿ ಬಿಡಿ ಅಣ್ಣ, ಬ್ಯಾಂಕ್ ಲೋನ್ ಯಾಕೆ ಬೇಕು ನಿಮಗೆ" ಅಂದರು. 11ಬಿ ಅಂದರೆ ಅಪ್ರೂವಲ್ ಇಲ್ಲದ ಸೈಟಿಗೆ ಪಂಚಾಯ್ತಿ ಕೊಡುವ ದಾಖಲೆ, ಅದಕ್ಕೆ ಬ್ಯಾಂಕ್ ಲೋನ್ ಸಿಗುವುದು ಕಷ್ಟ. ಲೋನ್ ಬೇಡದವನು ಇಷ್ಟೊಂದು ಸುತ್ತುತ್ತಾನಾ?

ಆ ಕಡೆ ಒಂದು ಪ್ರಯೋಗ ಮಾಡಿದೆ. ಸೈಟಿನ ಪಕ್ಕ ಒಂದೇ ಮನೆ ಇತ್ತು. ಸಂಜೆ ಏಳರ ಹೊತ್ತಿಗೆ ಅವರನ್ನು ಕೇಳಿಕೊಂಡು ಕರೆಂಟಿನ ವೋಲ್ಟೇಜ್ ಅಳೆಯೋಕೆ ಮಲ್ಟಿಮೀಟರ್ ಇಟ್ಟೆ. 180 ಚಿಲ್ಲರೆ ವೋಲ್ಟ್ ತೋರಿಸಿತು, ಇರಬೇಕಾದ್ದಕ್ಕಿಂತ ತೀರಾ ಕಡಿಮೆ. ಲೈನಿನ ಕೊನೆ ಮನೆ ಅಂದ್ರೆ ಹಾಗೇ. ಅವರು ಸ್ಟೆಬಿಲೈಸರ್‌ಗೆ ಕೊಟ್ಟ ದುಡ್ಡಿನ ಕಥೆ ಹೇಳಿದರು, ಕಾಫಿಯನ್ನೂ ಕೊಟ್ಟರು. ಇನ್ನೊಂದು ಸೈಟಿನಲ್ಲಿ ಮಳೆಗಾಲದಲ್ಲೇ ಒಂದೂವರೆ ಅಡಿ ಗುಂಡಿ ತೋಡಿ ಎರಡು ಬಿಂದಿಗೆ ನೀರು ಸುರಿದೆ. ಮಾರನೇ ದಿನ ಹೋದರೆ ನೀರು ಹಾಗೇ ನಿಂತಿದೆ. ಪಕ್ಕದಲ್ಲಿ ಕೆರೆ ಏರಿ. ಪಾಯಕ್ಕೆ ಎಷ್ಟು ಹೋಗುತ್ತೆ ಅಂತ ಮೇಸ್ತ್ರಿಯನ್ನು ಕೇಳಿದೆ, ಅವನು ಉತ್ತರವನ್ನೇ ಹೇಳಲಿಲ್ಲ, ನಕ್ಕ.

ಸಾಲಗಾಮೆ ರಸ್ತೆಯ ಒಂದು ಸೈಟ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಅಪ್ರೂವಲ್ ಇತ್ತು, ರೋಡಿತ್ತು, ಮಾವನವರಿಗೂ ಒಪ್ಪಿಗೆ. ವಕೀಲರು ಹಳೇ ಮ್ಯುಟೇಶನ್, ಅಂದರೆ ಜಮೀನು ಯಾರಿಂದ ಯಾರ ಹೆಸರಿಗೆ ಹೋಯ್ತು ಅನ್ನುವ ದಾಖಲೆ, ತೆಗೆಸಿದಾಗ ಮೂಲದಲ್ಲಿ ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು ಅಂತ ಗೊತ್ತಾಯ್ತು. ಇಂಥ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅಂತ ಇದೆ, ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕುಟುಂಬದವರು ವಾಪಸ್ ಕೇಳಬಹುದು. ಇಷ್ಟು ವರ್ಷದೊಳಗೇ ಕೇಳಬೇಕು ಅನ್ನುವ ಮಿತಿ ಇಲ್ಲ ಅಂತಲೂ 2023ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಅನುಮತಿ ಪತ್ರ ತೋರಿಸಿ ಅಂದೆವು, ಯಾರ ಹತ್ತಿರವೂ ಇರಲಿಲ್ಲ. ಅಲ್ಲಿಗೆ ಅದು ಮುಗಿಯಿತು. ವಕೀಲರ ಫೀಸು 5 ಸಾವಿರ ಹೋಯ್ತು, ಅದು ದಂಡ ಅಂತ ನನಗೆ ಅನ್ನಿಸಿಲ್ಲ.

ಇಷ್ಟಾದರೂ ಸೈಟ್ ಲೆಕ್ಕ ಹಾಕಿಯೇ ನೋಡಿದೆ. ಮಣ್ಣಿಗೆ 22 ಲಕ್ಷ, ಹತ್ತು ಚದರ, ಅಂದರೆ ಸಾವಿರ ಅಡಿ ಮನೆಗೆ ಅಡಿಗೆ 2,200ರಂತೆ ಇನ್ನೊಂದು 22. ಕಾಂಪೌಂಡ್, ಸಂಪು, ಬೋರು, ಪ್ಲಾನು, ಕರೆಂಟು, ನೋಂದಣಿ ಅಂತ 6-7. ಕಟ್ಟಿ ಮುಗಿಸುವವರೆಗೆ ತಿಂಗಳಿಗೆ 11 ಸಾವಿರ ಬಾಡಿಗೆ ಕಟ್ಟುತ್ತಲೇ ಇರಬೇಕು. 53 ಲಕ್ಷ ಆಯ್ತಲ್ಲ. ಅಷ್ಟು ಕೊಟ್ಟು ಊರಾಚೆ, 180 ವೋಲ್ಟಿನಲ್ಲಿ.

ಹಳೇ ಮನೆಯ ಯೋಚನೆ ಹೊಳೆದಿದ್ದು ಕೆಲಸಕ್ಕೆ ಹೋದ ಕಡೆ. ಊರೊಳಗೆ ಹಳೇ ಮನೆ ಮಾರುವಾಗ ಜನ ಸೈಟಿನ ಬೆಲೆ ಮಾತ್ರ ಹೇಳುತ್ತಾರೆ. ತಗೊಳ್ಳುವವನು ಒಡೆದು ಕಟ್ಟುತ್ತಾನೆ ಅಂತ ಗೋಡೆಗೆ ಸೊನ್ನೆ. ಒಡೆಯದೆ ಅದರಲ್ಲೇ ಇದ್ದರೆ? ಗೋಡೆ ಬಿಟ್ಟಿ ಬಂದ ಹಾಗೆ.

ಮೊದಲು ಸಿಕ್ಕಿದ ಹಳೇ ಮನೆಗೆ 1 ಲಕ್ಷ ಮುಂಗಡ ಕೊಟ್ಟೆವು. ಖಾತೆ ತೀರಿಕೊಂಡ ಯಜಮಾನರ ಹೆಸರಲ್ಲಿತ್ತು, ವಂಶವೃಕ್ಷದಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಣ್ಣಂದಿರು ತಂಗಿಯರು ಸಹಿ ಹಾಕುತ್ತಾರೆ ಅಂದರು. ದೊಡ್ಡ ತಂಗಿ ಹಾಕಿದರು. ಚಿಕ್ಕವರು ನನ್ನ ಪಾಲು ಎಲ್ಲಿ ಅಂತ ಕೇಳಿದರು. ನ್ಯಾಯವೇ ಅಲ್ವಾ. ಅವರವರ ಮಾತುಕತೆ ಮುಗಿಯಲೇ ಇಲ್ಲ. ನಾಲ್ಕೈದು ತಿಂಗಳ ಮೇಲೆ ಮುಂಗಡ ವಾಪಸ್ ಬಂತು, ಬಡ್ಡಿ ಇಲ್ಲದೆ.

ಆಮೇಲೆ ಸಿಕ್ಕಿದ್ದು ಇದು. ವಿದ್ಯಾನಗರದ ಕಡೆ, 30x40, ಕೆಳಗೆ ಎರಡು ರೂಮು, ಮಹಡಿ ಮೇಲೆ ಒಂದು ಚಿಕ್ಕ ಮನೆ. ಒಬ್ಬರೇ ಮಾಲೀಕರು, ಇ-ಖಾತಾ ಆಗಿತ್ತು. ದಕ್ಷಿಣದ ಬಾಗಿಲು ಅಂತ ಒಂದು ವರ್ಷದಿಂದ ಯಾರೂ ತಗೊಂಡಿರಲಿಲ್ಲ. ಬ್ರೋಕರ್‌ಗಳಿಗೆ ನಾನೇ ಹೇಳಿಟ್ಟಿದ್ದೆ, ದಕ್ಷಿಣದ ಬಾಗಿಲಿದ್ದರೆ ಮೊದಲು ನನಗೆ ಹೇಳಿ ಅಂತ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಒಂದು ಮಾತಿಗೆ ಅಡಿಗೆ ಮುನ್ನೂರು ನಾನೂರು ಕಡಿಮೆ ಆಗುತ್ತೆ. ಮಾವನವರು ಮಾತ್ರ "ನೋಡಪ್ಪಾ, ದುಡ್ಡು ಉಳಿಸೋಕೆ ಹೋಗಿ ಮನೆ ನೆಮ್ಮದಿ ಕಳ್ಕೋಬೇಡ" ಅಂದರು. ಪೂರ್ವಕ್ಕೆ ಅಡುಗೆಮನೆ ಪಕ್ಕ ಇನ್ನೊಂದು ಬಾಗಿಲಿದೆ. ಮಾವನವರು ಇವತ್ತಿಗೂ ಅದರಲ್ಲೇ ಒಳಗೆ ಬರುವುದು.

ನೋಡಲು ಹೋಗಿದ್ದು ಆಷಾಢದಲ್ಲಿ, ಬೇಕಂತಲೇ. ಆಷಾಢದಲ್ಲಿ ಬೇರೆ ಗಿರಾಕಿ ಬರಲ್ಲ, ಮಾಲೀಕರು ಮೆತ್ತಗಿರುತ್ತಾರೆ. ಹಾಸನದ ಮಳೆಗೆ ಸೋರುವ ಜಾಗವೂ ತಾನೇ ಗೊತ್ತಾಗುತ್ತೆ. ತೇವ ಇರುವ ಗೋಡೆಗೆ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಹನಿ ಹೊರಮೈ ಮೇಲಿತ್ತು, ಗೋಡೆ ಕಡೆ ಒಣಗಿತ್ತು. ಅಂದರೆ ತೇವ ಗಾಳಿಯದ್ದು, ಗೋಡೆಯೊಳಗಿಂದ ಬಂದದ್ದಲ್ಲ. ಬಚ್ಚಲ ಗೋಡೆಯಲ್ಲಿ ಉಲ್ಟಾ, ಒಳಮೈ ಒದ್ದೆ. ಅದಕ್ಕೆ 60 ಸಾವಿರ ಅಂತ ಬರೆದುಕೊಂಡೆ. ತಾರಸಿಯ ಅಡಿ ಸುತ್ತಿಗೆ ಹಿಡಿಯಲ್ಲಿ ಬಡಿದುಕೊಂಡು ಹೋದೆ, ಸಜ್ಜಾ ಹತ್ತಿರ ಎರಡು ಕಡೆ ಮಾತ್ರ ಟೊಳ್ಳು ಸದ್ದು. ವೈರಿನ ಇನ್ಸುಲೇಶನ್ ಅಳೆಯುವ ಮೆಗ್ಗರ್ ಇಟ್ಟರೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ, ಅಂದರೆ ವೈರಿಂಗ್ ಹಾಳಾಗಿದೆ. ಮಾಲೀಕರ ಮುಖ ಸಪ್ಪಗಾಯ್ತು. ನನಗೆ ಒಳಗೊಳಗೇ ಖುಷಿ, ಯಾಕಂದ್ರೆ ಅದು ನನ್ನದೇ ಕೆಲಸ, ನನಗೆ ಸಾಮಾನಿನ ಖರ್ಚು ಮಾತ್ರ.

ಮಾಲೀಕರು 48 ಲಕ್ಷ ಹೇಳಿದ್ದರು. ಮೆಗ್ಗರ್ ತೋರಿಸಿ ಎರಡು ಲಕ್ಷ ಇಳಿಸಿದೆ. ಇನ್ನು ಮೂರು ಇಳಿದದ್ದು ಬೇರೆ ಒಂದು ಉಪಾಯದಿಂದ. ಅದನ್ನು ಇಲ್ಲಿ ಬರೆಯಲ್ಲ, ಭಾವಮೈದನಿಗೆ ಇನ್ನೂ ಒಂದು ವ್ಯವಹಾರ ಮಾಡಿಕೊಡುವುದಿದೆ. 43ಕ್ಕೆ ನಿಂತಿತು.

ಅಷ್ಟರಲ್ಲಿ ಇಸಿಯಲ್ಲಿ ಒಂದು ತೊಡಕು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತೆ, ಅದು ಕ್ಲೀನ್. ಅದಕ್ಕಿಂತ ಹಿಂದಿನದನ್ನು ಕೈಬರಹದಲ್ಲಿ ತೆಗೆಸಿದರೆ ಹಳೇ ಅಡಮಾನ ಒಂದು ಕೂತಿತ್ತು. ಸಾಲ ತೀರಿತ್ತು, ಬಿಡುಗಡೆ ಪತ್ರ ಮಾತ್ರ ನೋಂದಣಿ ಆಗಿರಲಿಲ್ಲ. ಮಾಲೀಕರೇ ಓಡಾಡಿ ಮಾಡಿಸಿದರು. ಬ್ಯಾಂಕಿನದು ಇನ್ನೊಂದು ರಗಳೆ. ಕಟ್ಟಡ ಇನ್ನೆಷ್ಟು ವರ್ಷ ಬಾಳುತ್ತೆ ಅಂತ ಅವರ ಎಂಜಿನಿಯರ್ ಬರೆದ ಮೇಲೆಯೇ ಸಾಲದ ಅವಧಿ. ಮೊದಲ ಬ್ಯಾಂಕ್ 10 ವರ್ಷ ಅಂತು. ಎರಡನೆಯದು 15 ಕೊಟ್ಟಿತು. 32 ಲಕ್ಷ ಸಾಲ, ಕಂತು 31 ಸಾವಿರದ ಹತ್ತಿರ.

2025ರ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬ ಆದ ಮೇಲೆ ರಿಜಿಸ್ಟರ್ ಮಾಡಿಸಿದೆವು. ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ನಿಂದ 2% ಆಯ್ತಲ್ಲ, ಅದರಲ್ಲಿ 43 ಸಾವಿರ ಉಳಿಯಿತು. ಸ್ಟ್ಯಾಂಪ್, ಸೆಸ್ ಎಲ್ಲ ಸೇರಿ 2.8 ಲಕ್ಷ ಚಿಲ್ಲರೆ. ರಿಪೇರಿಗೆ ಐದು ಅಂದುಕೊಂಡಿದ್ದೆ, ಆರೂವರೆ ಆಯ್ತು. ತಾರಸಿಗೆ ವಾಟರ್‌ಪ್ರೂಫಿಂಗ್, ಬಚ್ಚಲು, ಪೈಪು. ಅಡುಗೆಮನೆ ಹೆಂಡತಿ ಹೇಳಿದ ಹಾಗೆಯೇ, ಅಲ್ಲಿ ನಾನು ಬಾಯಿ ಹಾಕಲಿಲ್ಲ. ಬ್ರೋಕರ್ ಸೇರಿ ಒಟ್ಟು 53.

ಸೈಟ್ ಲೆಕ್ಕವೂ 53 ಆಗಿತ್ತು, ನಿಜ. ಆದರೆ ಅಲ್ಲಿ ಮಣ್ಣು 22. ಇಲ್ಲಿ ಸುತ್ತಮುತ್ತ ಅಡಿಗೆ 3,800 ನಡೆಯುತ್ತಿದೆ, 1,200 ಅಡಿಗೆ 45 ಲಕ್ಷದ ಮೇಲೆ ಮಣ್ಣೇ ಇದೆ. ಮಹಡಿ ಮೇಲಿನ ಮನೆ 8,500ಕ್ಕೆ ಬಾಡಿಗೆಗೆ ಹೋಗಿದೆ, ಕಂತಿನಲ್ಲಿ ಅಷ್ಟು ಕಳೆದರೆ ಕೈಯಿಂದ ಹೋಗುವುದು 22-23 ಸಾವಿರ. ಅದೇ ಫ್ಲ್ಯಾಟ್ ಆಗಿದ್ದರೆ ಕಂತು, ಮೇಂಟೆನೆನ್ಸ್ ಸೇರಿ 40 ದಾಟುತ್ತಿತ್ತು.

ಇದು ಎಲ್ಲರಿಗೂ ಆಗಲ್ಲ. ಮೇಸ್ತ್ರಿ, ಪ್ಲಂಬರ್ ಹಿಂದೆ ದಿನಾ ನಿಲ್ಲಬೇಕು. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿದ್ದಾನೆ, ವಾರಕ್ಕೊಮ್ಮೆ ಬಂದು ಹಳೇ ಮನೆ ರಿಪೇರಿ ಮಾಡಿಸ್ತೀನಿ ಅಂದ. ಬೇಡಪ್ಪ, ನೀನು ಫ್ಲ್ಯಾಟೇ ತಗೋ ಅಂದೆ. ಒಸಿ ಇರುವುದನ್ನೇ ನೋಡು, ಟೇಪ್ ನಾನು ತರ್ತೀನಿ.