ಚಿಕ್ಕಪ್ಪನ ಓಪನಿಂಗ್ ಉಳಿಸಿಕೊಂಡ ಬಗೆ: ಕ್ರಿಕೆಟ್ 07ಗೆ ಒಂದು ಗೈಡ್

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಹಳೇ ಪಿಸಿ ಇದೆ. ವಿಂಡೋಸ್ ಎಕ್ಸ್‌ಪಿ, ನೆಟ್ ಇಲ್ಲ. ಅದರಲ್ಲಿರುವುದು ಒಂದೇ ಆಟ: ಇಎ ಸ್ಪೋರ್ಟ್ಸ್ ಕ್ರಿಕೆಟ್ 07. ಅದು ಬಂದದ್ದು 2006ರಲ್ಲಿ. ಆಮೇಲೆ ಪಿಸಿಗೆ ಇಎ ಇನ್ನೊಂದು ಕ್ರಿಕೆಟ್ ಆಟ ತರಲೇ ಇಲ್ಲ. ಐಪಿಎಲ್ ಶುರುವಾದದ್ದು 2008ರಲ್ಲಿ, ಹಾಗಾಗಿ ಡಿಸ್ಕಿನಲ್ಲಿ ಆರ್‌ಸಿಬಿ ಇಲ್ಲ. ಲೈಸೆನ್ಸ್ ಇಲ್ಲದ್ದರಿಂದ ನಮ್ಮ ಆಟಗಾರರ ಹೆಸರೂ ಸರಿ ಇರಲಿಲ್ಲ. ಇಷ್ಟು ವರ್ಷ ಇದನ್ನು ಜೀವಂತ ಇಟ್ಟವರು ಅಭಿಮಾನಿಗಳು. ಹೊಸ ಜರ್ಸಿ, ಹೊಸ ಸ್ಟೇಡಿಯಂ, ಹೊಸ ತಂಡ, ಎಲ್ಲವನ್ನೂ ಪ್ಯಾಚ್ ಮಾಡಿ, ಅಂದರೆ ಆಟದ ಫೈಲುಗಳನ್ನು ಬದಲಿಸುವ ಹೊಸ ಫೈಲುಗಳಾಗಿ ಮಾಡಿ, ಹಂಚುತ್ತಾ ಬಂದರು.

ನಾನೂ ತಮ್ಮನೂ 2009ರ ಬೇಸಿಗೆ ರಜೆ ಪೂರ್ತಿ ಕೂತು ಒಂದು ರೋಸ್ಟರ್, ಅಂದರೆ ಆಟಗಾರರ ಪಟ್ಟಿ, ಮಾಡಿದ್ದೆವು. ಚಿಕ್ಕಪ್ಪ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮಳೆಗಾಲದಲ್ಲಿ ಮುಂಬಯಿಯ ಕಾಂಗಾ ಲೀಗ್ ಕ್ರಿಕೆಟ್ ಮ್ಯಾಚ್ ಇದ್ದರೆ ರಜೆ ಹಾಕಿ ಮೈದಾನಕ್ಕೆ ಹೋಗಿಬಿಡುತ್ತಿದ್ದರು. ಅವರನ್ನು ಓಪನರ್ ಮಾಡಿದ್ದೆವು. ಒಂದು ದಿನ ನಾನು ಹಳೇ ಪ್ಯಾಚ್ ಮೇಲೆಯೇ ಹೊಸದನ್ನು ಹಾಕಿದೆ. ಆಟ ತೆರೆದರೆ ತಮ್ಮ ಕೂಗಿದ, "ಅಕ್ಕಾ, ಚಿಕ್ಕಪ್ಪ ಕಾಣ್ತಿಲ್ಲ!" ಇಡೀ ರೋಸ್ಟರ್ ಅಳಿಸಿ ಹೋಗಿತ್ತು.

ಅದಕ್ಕೇ ಮೊದಲ ಮಾತು ಇದು. ಆಟ ಇನ್‌ಸ್ಟಾಲ್ ಆದ ಕೂಡಲೇ, ಒಂದು ಪ್ಯಾಚ್ ಕೂಡ ಹಾಕುವ ಮುಂಚೆ, ಇಡೀ ಫೋಲ್ಡರ್ ಕಾಪಿ ಮಾಡಿ 'ಮೂಲ' ಅಂತ ಹೆಸರಿಡಿ. ಅದನ್ನು ಯಾವತ್ತೂ ಮುಟ್ಟಬೇಡಿ. ಹೊಸ ಪ್ಯಾಚ್ ಬೇಕೆಂದಾಗ 'ಮೂಲ'ದಿಂದ ಇನ್ನೊಂದು ಕಾಪಿ ಮಾಡಿ, ಅದರ ಮೇಲೆ ಹಾಕಿ. ಒಂದು ಪ್ಯಾಚಿಗೆ ಒಂದು ಫೋಲ್ಡರ್. ಪ್ಯಾಚ್ ಮೇಲೆ ಪ್ಯಾಚ್ ಹಾಕಿದರೆ ಯಾವ ಫೈಲ್ ಯಾವುದನ್ನು ನುಂಗಿತು ಅಂತ ಹುಡುಕುವುದು ಬಹಳ ಕಷ್ಟ. ಸೇವ್ ಫೈಲು, ರೋಸ್ಟರು ಮೈ ಡಾಕ್ಯುಮೆಂಟ್ಸ್ ಒಳಗಿನ ಆಟದ ಫೋಲ್ಡರಿನಲ್ಲಿ ಇರುತ್ತವೆ. ಅದನ್ನು ಬೇರೆಯಾಗಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ತಾರೀಖು ಬರೆದು ಎರಡು ಪ್ರತಿ ಇಡಿ.

ಹಳೇ ಪಿಸಿಯೇ ಯಾಕೆ ಅಂತ ಕೇಳಬಹುದು. ಆ ಕಾಲದ ಎಷ್ಟೋ ಡಿಸ್ಕ್‌ಗಳಿಗೆ ನಕಲು ಮಾಡದಂತೆ ತಡೆಯುವ ಸೇಫ್‌ಡಿಸ್ಕ್ ಅನ್ನುವ ಬೀಗ ಇರುತ್ತಿತ್ತು. 2015ರಲ್ಲಿ ಬಂದ ವಿಂಡೋಸ್ 10 ಆ ಬೀಗದ ಡ್ರೈವರನ್ನು ಓಡಿಸುವುದಿಲ್ಲ. ಅದೇ ವರ್ಷ ಬಂದ ಒಂದು ಅಪ್‌ಡೇಟ್ ವಿಂಡೋಸ್ 7ರಲ್ಲೂ ಅದನ್ನು ನಿಲ್ಲಿಸಿತು. ಅಂಥ ಡಿಸ್ಕನ್ನು ಸುಮ್ನೆ ಐಎಸ್‌ಒ (ಡಿಸ್ಕಿನ ಪೂರ್ತಿ ಪ್ರತಿ ಇರುವ ಒಂದೇ ಫೈಲ್) ಮಾಡಿಟ್ಟರೆ ಸಾಲದು, ಬೀಗ ಕಾಪಿ ಆಗುವುದಿಲ್ಲ. ಡಿಸ್ಕೇ ಬೇಕು, ಅದಕ್ಕೆ ತಕ್ಕ ಪಿಸಿಯೂ ಬೇಕು. ಎಲ್ಲೆಲ್ಲಿಂದಲೋ ಬಂದ ಬೀಗ ಒಡೆದ ಫೈಲನ್ನು ನಂಬಬೇಡಿ. ಜೊತೆಗೆ ವೈರಸ್ ಬಂದರೆ ಇಡೀ ಮನೆಯ ಫೋಟೋ ಹೋಗುತ್ತದೆ.

ಬೀಗ ಇಲ್ಲದ ಆಟವಾದರೆ ಹೊಸ ಪಿಸಿಯಲ್ಲೂ ಆಡಬಹುದು. ಆದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಇನ್‌ಸ್ಟಾಲ್ ಮಾಡಬೇಡಿ. ಹಳೇ ಆಟ ಅಲ್ಲಿ ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ ವರ್ಚುವಲ್‌ಸ್ಟೋರ್ ಅನ್ನುವ ಬೇರೆ ಫೋಲ್ಡರಿಗೆ ಕಳಿಸುತ್ತದೆ. ನೀವು ಬದಲಿಸುವ ಫೈಲ್ ಒಂದು, ಆಟ ಓದುವ ಫೈಲ್ ಇನ್ನೊಂದು ಆಗಿಬಿಡುತ್ತದೆ. ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿ.

ಇನ್ನು ಪಿಸಿಯ ಆರೈಕೆ. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸೆಲ್ ಮುಗಿದಿದೆ ಅಂತ ಅರ್ಥ. ನಾಣ್ಯದಂಥ ಸಿಆರ್ 2032 ಸೆಲ್ ಅದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಡಿವಿಡಿ ಡ್ರೈವ್, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಕೆಟ್ಟರೆ ನಾನು ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆಯುತ್ತೇನೆ. ಹಳೇ ಡ್ರೈವ್ ಕೊಳ್ಳುವಾಗ ನಿಮ್ಮ ಡಿಸ್ಕನ್ನೇ ಒಯ್ದು ಅಲ್ಲೇ ಹಾಕಿ ನೋಡಿ. ಮುಂಬಯಿ ಮಳೆಗಾಲದ ತೇವ ಡಿಸ್ಕಿಗೆ ಒಳ್ಳೇದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಪಿಸಿ ಆನ್ ಮಾಡಿ ಒಂದು ಗಂಟೆ ಬಿಡಿ, ಒಳಗೆ ಬಿಸಿಯಾಗಿ ತೇವ ಆರುತ್ತದೆ.

ಕಾಮೆಂಟರಿ ಬದಲಿಸುವ ಪ್ಯಾಚ್‌ಗಳೂ ಇವೆ. ನಾನು ಹಾಕುವುದಿಲ್ಲ. ಮೂಲ ಆಟದಲ್ಲಿ ಆಸ್ಟ್ರೇಲಿಯಾದ ಹೆಸರಾಂತ ಕಾಮೆಂಟೇಟರ್ ರಿಚೀ ಬೆನೋ ದನಿ ಇದೆ. ಅವರು 2015ರಲ್ಲಿ ತೀರಿಕೊಂಡರು. ಆ ದನಿ ಕೇಳದೆ ನನಗೆ ಮ್ಯಾಚ್ ಶುರುವೇ ಆಗುವುದಿಲ್ಲ.

2025ರಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ವಾರ, ನಾವಿಬ್ಬರೂ ಮತ್ತೆ ಕೂತು ರೋಸ್ಟರ್ ಟೈಪ್ ಮಾಡಿದೆವು. ರಜತ್ ಪಾಟೀದಾರ್ ಕ್ಯಾಪ್ಟನ್, ಕೊಹ್ಲಿ ಜೊತೆ ಓಪನಿಂಗ್‌ಗೆ ಚಿಕ್ಕಪ್ಪ. ಈ ಸಲ ಮಾಡಿದ್ದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಹಾಳೆಯಲ್ಲಿ ಬರೆದು ಸಿಪಿಯು ಬಾಗಿಲ ಒಳಗೆ ಅಂಟಿಸಿದ್ದೇನೆ. ಯಾವ ಪ್ಯಾಚ್, ಯಾವ ಫೋಲ್ಡರ್, ಯಾವ ಪೆನ್‌ಡ್ರೈವ್, ಎಲ್ಲವೂ ಇದೆ. ನೀವೂ ಹಾಗೆ ಮಾಡಿ. ತಮ್ಮನ ಮಗಳಿಗೆ ಕನ್ನಡ ಓದಲು ಇನ್ನೂ ಬರುವುದಿಲ್ಲ, ಅವಳಿಗಾಗಿ ಪಕ್ಕದಲ್ಲೇ ಮರಾಠಿಯದೊಂದು ಹಾಳೆ ಇದೆ.