ಇನ್ನೂರು ಮಿನಿಯೇಚರ್‌ಗೆ ಬಣ್ಣ: ಹುಬ್ಬಳ್ಳಿ–ಧಾರವಾಡದಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಟೇಬಲ್ ಮೇಲೆ ಆಡುವ ಯುದ್ಧದಾಟಕ್ಕೆ ಹತ್ತು ಮಿನಿಯೇಚರ್ (ಪುಟ್ಟ ಸೈನಿಕ ಗೊಂಬೆ) ಇದ್ದಾಗ ಬಣ್ಣದ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ತ್ರಿಡಿ ಪ್ರಿಂಟರ್ ಕೈಗೆ ಸಿಕ್ಕು ಸೈನ್ಯ ಇನ್ನೂರು ದಾಟಿದ ಮೇಲೆ ಗೊಂಬೆಗಿಂತ ಬಣ್ಣಕ್ಕೇ ಹೆಚ್ಚು ದುಡ್ಡು ಹೋಗತೊಡಗುತ್ತದೆ. ಆಗ ಸ್ಟೇಷನರಿ ಅಂಗಡಿಯ ಅಗ್ಗದ ಬಣ್ಣದ ಮೇಲೆ ಕಣ್ಣು ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕೆಲಸ ಚೆನ್ನಾಗಿಯೇ ಆಗುತ್ತದೆ, ಉಳಿದ ಕಾಲು ಪಾಲು ಆಗುವುದಿಲ್ಲ. ಆ ಕಾಲು ಪಾಲು ಯಾವುದು ಅಂತ ಮೊದಲೇ ಗೊತ್ತಿರಬೇಕು.

ಮೊದಲು ಎಷ್ಟು ಬೇಕು ನೋಡಿ

28 ಮಿ.ಮೀ. ಅಳತೆಯ ಒಬ್ಬ ಕಾಲಾಳಿನ ಹೊರಮೈ, ಮಡಿಕೆ ಗಿಡಿಕೆ ಎಲ್ಲ ಸೇರಿ, ಸುಮಾರು 20 ಚದರ ಸೆಂ.ಮೀ. ಕುಂಚದಿಂದ ಬಳಿದ ಹಸಿ ಪದರದ ದಪ್ಪ 0.1 ಮಿ.ಮೀ. ಎಂದು ಹಿಡಿದರೆ ಇಡೀ ಮೈಗೆ ಒಂದು ಕೋಟ್ ಬಳಿಯಲು 0.2 ಮಿ.ಲೀ. ಬಣ್ಣ ಸಾಕು. ಸಮವಸ್ತ್ರದ ಮುಖ್ಯ ಬಣ್ಣ ಅರ್ಧ ಮೈಗೆ, ಎರಡು ಕೋಟ್ ಎಂದರೆ ಒಂದು ಗೊಂಬೆಗೆ ಮತ್ತೆ ಅದೇ 0.2 ಮಿ.ಲೀ. ನೂರು ಗೊಂಬೆಗೆ 20 ಮಿ.ಲೀ. ಪ್ಯಾಲೆಟ್ ಮೇಲೆ ಒಣಗಿ ಹಾಳಾಗುವುದು ಅಷ್ಟೇ ಇರುತ್ತದೆ, ಹಾಗಾಗಿ 40 ಎಂದುಕೊಳ್ಳಿ. ಅಂದರೆ ಒಂದು 100 ಮಿ.ಲೀ. ಬಾಟಲಿ 250 ಕಾಲಾಳುಗಳಿಗೆ ಸಾಕು. ಬೆಲ್ಟು, ಬೂಟು, ಚರ್ಮದ ಪಟ್ಟಿ ಇವಕ್ಕೆ ಅದರ ಹತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ, 15 ಮಿ.ಲೀ. ಬಾಟಲಿ ಮುಗಿಯುವ ಮುಂಚೆ ಒಣಗಿ ಹೋದೀತು.

ಇದರಿಂದ ತಿಳಿಯುವುದು ಇಷ್ಟು: ದೊಡ್ಡ ಬಾಟಲಿ ಬೇಕಾಗುವುದು ಎರಡೋ ಮೂರೋ ಬಣ್ಣಕ್ಕೆ ಮಾತ್ರ. "ಒಮ್ಮೆಲೇ ಎಲ್ಲಾ ದೊಡ್ಡದು ತಗೊಂಡ್ರ ಅಗ್ಗ ಆಕ್ಕತ್ರಿ" ಎಂದು ಅಂಗಡಿಯವರು ಹೇಳಿದರೆ ಮಿ.ಲೀ. ಲೆಕ್ಕದಲ್ಲಿ ಅದು ನಿಜ, ನಿಮ್ಮ ಕಿಸೆಯ ಲೆಕ್ಕದಲ್ಲಿ ಅಲ್ಲ.

ಬೆಲೆ ಹೋಲಿಸುವಾಗ ಬಾಟಲಿಯ ಬೆಲೆ ನೋಡಬೇಡಿ, ಮಿ.ಲೀ.ಗೆ ಎಷ್ಟು ಬಿತ್ತು ನೋಡಿ. ಮಿನಿಯೇಚರ್‌ಗೆಂದೇ ಬಣ್ಣ ಮಾಡುವ ಕಂಪನಿಗಳಲ್ಲಿ ಸಿಟಾಡೆಲ್‌ನ ಬೇಸ್ ಬಣ್ಣ ಬರುವುದು 12 ಮಿ.ಲೀ. ಡಬ್ಬಿಯಲ್ಲಿ, ವಲ್ಲೆಹೊ ಮತ್ತು ಆರ್ಮಿ ಪೇಂಟರ್ 17–18 ಮಿ.ಲೀ. ಬಾಟಲಿಯಲ್ಲಿ. 17 ಮಿ.ಲೀ.ಗೆ 340 ರೂ. ಕೊಟ್ಟರೆ ಮಿ.ಲೀ.ಗೆ 20 ರೂ. ಆಯಿತು. 100 ಮಿ.ಲೀ.ಗೆ 180 ರೂ. ಕೊಟ್ಟರೆ ಒಂದು ರೂಪಾಯಿ ಎಂಬತ್ತು ಪೈಸೆ. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಕೈಯಲ್ಲಿರುವ ಬಾಟಲಿಯ ಎಂ.ಆರ್.ಪಿ. ಹಿಡಿದು ಹೀಗೇ ಭಾಗಿಸಿ.

ಅಂಗಡಿಯಲ್ಲಿ ಸಿಗುವುದು

ಹುಬ್ಬಳ್ಳಿಯ ದುರ್ಗದ ಬೈಲು, ಕೊಪ್ಪಿಕರ ರಸ್ತೆ, ಧಾರವಾಡದ ಸುಭಾಸ ರಸ್ತೆಯ ಸುತ್ತ ಸ್ಟೇಷನರಿ ಮತ್ತು ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಹುಡುಕಿ. ಎದುರಾಗುವ ಡಬ್ಬಿಗಳೆಲ್ಲ ಒಂದೇ ಥರ ಕಾಣುತ್ತವೆ, ಒಳಗಿನದು ಬೇರೆ ಬೇರೆ.

ಪೋಸ್ಟರ್ ಕಲರ್ ಎಲ್ಲಕ್ಕಿಂತ ಅಗ್ಗ, ಮುಟ್ಟಲೇಬೇಡಿ. ಅದರಲ್ಲಿರುವ ಅಂಟು ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಎರಡನೇ ಕೋಟ್ ಬಳಿಯುವಾಗಲೇ ಮೊದಲನೆಯದು ಎದ್ದು ಬರುತ್ತದೆ, ವಾಶ್ (ಮಡಿಕೆಗೆ ನೆರಳು ತುಂಬುವ ತೆಳು ಬಣ್ಣ) ಹಾಕಿದರೆ ಇಡೀ ಮುಖ ಕೆಸರಾಗುತ್ತದೆ.

ಫೆವಿಕ್ರಿಲ್ ಮತ್ತು ಕ್ಯಾಮೆಲ್ ಫ್ಯಾಬ್ರಿಕಾದ ಅಕ್ರಿಲಿಕ್‌ಗಳು ಹೆಚ್ಚೂಕಡಿಮೆ ಎಲ್ಲ ಅಂಗಡಿಯಲ್ಲೂ ಇರುತ್ತವೆ, 15 ಮತ್ತು 100 ಮಿ.ಲೀ. ಎರಡರಲ್ಲೂ. ನಮ್ಮ ಕೆಲಸದ ಬೆನ್ನೆಲುಬು ಇವೇ. ಇವನ್ನು ಬಟ್ಟೆಯ ಮೇಲೂ ಬಳಿಯುತ್ತಾರೆ, ಆದ್ದರಿಂದ ಒಣಗಿದ ಪದರ ರಬ್ಬರಿನಂತೆ ಮೆತ್ತಗೆ ಉಳಿಯುತ್ತದೆ. ಬಟ್ಟೆಗೆ ಅದು ಗುಣ, ಗೊಂಬೆಗೆ ದೋಷ: ಬೇಸಿಗೆಯಲ್ಲಿ ಡಬ್ಬಿಯೊಳಗೆ ಒಂದಕ್ಕೊಂದು ತಾಗಿದ ಗೊಂಬೆಗಳು ಅಂಟಿಕೊಂಡು, ಬಿಡಿಸುವಾಗ ಬಣ್ಣ ಹಾಳೆಯಂತೆ ಸುಲಿದು ಬರುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್ ಹೊಡೆದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ, ಹೊಳಪೂ ಇಳಿಯುತ್ತದೆ. ವಾರ್ನಿಶ್‌ನ ಖರ್ಚನ್ನು ಬಣ್ಣದ ಖರ್ಚಿನಲ್ಲೇ ಸೇರಿಸಿ.

ಟ್ಯೂಬಿನಲ್ಲಿ ಬರುವ ಆರ್ಟಿಸ್ಟ್ ಅಕ್ರಿಲಿಕ್ ಗಟ್ಟಿ ಪದರ ಕೊಡುತ್ತದೆ, ಆದರೆ ಬೆಣ್ಣೆಯಷ್ಟು ದಪ್ಪ. ನೀರೊಂದನ್ನೇ ಹಾಕಿ ತೆಳು ಮಾಡಲು ಹೋದರೆ ಸಮ ಪ್ರಮಾಣ ದಾಟಿದ ಮೇಲೆ ಅಂಟು ಸಾಲದೆ, ಒಣಗಿದ ಬಣ್ಣ ಬೆರಳಿಗೆ ಪುಡಿಯಾಗಿ ಹತ್ತಬಹುದು. ಎರಡು ಭಾಗ ಬಣ್ಣಕ್ಕೆ ಒಂದು ಭಾಗ ನೀರು, ಒಂದು ಭಾಗ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳೆಯದ ಅಕ್ರಿಲಿಕ್ ಅಂಟು) ಹಾಕಿ.

ಮನೆಗೆ ಬಳಿಯುವ ಎಮಲ್ಶನ್‌ನಲ್ಲಿ ಸುಣ್ಣದ ಪುಡಿಯಂಥ ತುಂಬುವಸ್ತು ಜಾಸ್ತಿ, ಕಣವೂ ದಪ್ಪ. ಗೋಡೆಗೆ ಅದು ಸರಿ, 28 ಮಿ.ಮೀ. ಗೊಂಬೆಯ ಮೂಗಿಗೆ ಸರಿಯಲ್ಲ. ಆಯಿಲ್ ಎನಾಮೆಲ್ ಒಣಗಲು ಇಡೀ ರಾತ್ರಿ ಬೇಕು, ಕುಂಚ ತೊಳೆಯಲು ಟರ್ಪಂಟೈನ್ ಬೇಕು, ಒಣಗಿದ ಮೇಲೆ ಕನ್ನಡಿಯ ಹೊಳಪು. ಎರಡನ್ನೂ ಬಿಡಿ.

ಎಲ್ಲಿ ಅಗ್ಗ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಕಪ್ಪು, ಕಂದು, ಬೂದು, ಯೆಲ್ಲೋ ಆಕರ್ (ಮಣ್ಣು ಹಳದಿ), ಇಟ್ಟಿಗೆ ಕೆಂಪು, ಖಾಕಿ. ಇವುಗಳನ್ನು ಕಣ್ಣುಮುಚ್ಚಿ ಸ್ಥಳೀಯವಾಗಿ ಕೊಳ್ಳಿ. ಮಣ್ಣು ಬಣ್ಣಗಳ ಮೂಲ ಕಬ್ಬಿಣದ ಆಕ್ಸೈಡ್. ಅದು ತಾನಾಗಿಯೇ ಅಗ್ಗ, ತಾನಾಗಿಯೇ ಗಾಢ, ಎರಡೇ ಕೋಟ್‌ಗೆ ಕೆಳಗಿನದನ್ನು ಮುಚ್ಚುತ್ತದೆ. ಸೈನ್ಯದ ಗೊಂಬೆಗಳ ಹೆಚ್ಚಿನ ಮೈ ತುಂಬುವುದೂ ಇದೇ ಬಣ್ಣಗಳಿಂದ.

ಹಳದಿ ಮತ್ತು ಉಜ್ವಲ ಕೆಂಪು ಬೇರೆ ಮಾತು. ಇವುಗಳ ಪಿಗ್ಮೆಂಟೇ (ಬಣ್ಣದ ಪುಡಿಯೇ) ಪಾರದರ್ಶಕ, ಮೇಲಾಗಿ ಅಗ್ಗದ ಬಾಟಲಿಯಲ್ಲಿ ಅದನ್ನು ಕಡಿಮೆ ಹಾಕಿರುತ್ತಾರೆ. ಕಪ್ಪು ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಮೇಲೆ ಅಗ್ಗದ ಹಳದಿ ಐದು ಕೋಟ್ ಕುಡಿದೂ ಹಸಿರು ಛಾಯೆ ಬಿಡುವುದಿಲ್ಲ. ಆದರೂ ದುಬಾರಿ ಬಾಟಲಿಗೆ ಓಡಬೇಕಿಲ್ಲ: ಹಳದಿಯ ಕೆಳಗೆ ಆಕರ್ ಅಥವಾ ತಿಳಿ ಗುಲಾಬಿ, ಕೆಂಪಿನ ಕೆಳಗೆ ಇಟ್ಟಿಗೆ ಕೆಂಪು ಒಂದು ಕೋಟ್ ಬಳಿಯಿರಿ. ಮೇಲೆ ಎರಡು ಕೋಟ್‌ಗೆ ಮುಗಿಯುತ್ತದೆ. ಬಿಳಿಯದೂ ಇದೇ ಪಾಡು. ತಿಳಿ ಬೂದು ಬಳಿದು ಎತ್ತರದ ಭಾಗಕ್ಕೆ ಮಾತ್ರ ಬಿಳಿ ಕೊಡಿ.

ದುಡ್ಡು ಹಾಕಲೇಬೇಕಾದದ್ದು ಲೋಹದ ಬಣ್ಣಕ್ಕೆ. ಕರಕುಶಲ ಕೆಲಸದ ಚಿನ್ನ, ಬೆಳ್ಳಿಯಲ್ಲಿ ಮಿಂಚುವ ಚಕ್ಕೆಗಳು ದೊಡ್ಡವು. ತೋರಣಕ್ಕೋ ಹಣತೆಗೋ ಹಚ್ಚಿದರೆ ಚಂದ, ಇಂಚುದ್ದದ ಸೈನಿಕನ ಎದೆಗವಚಕ್ಕೆ ಹಚ್ಚಿದರೆ ಮದುವೆ ಕಾರ್ಡಿನ ಜರಿ ಮೆತ್ತಿದ ಹಾಗೆ ಕಾಣುತ್ತದೆ. ಮಿನಿಯೇಚರ್‌ಗೆಂದೇ ಮಾಡಿದ ಒಂದು ಉಕ್ಕಿನ ಬಣ್ಣ, ಒಂದು ಚಿನ್ನದ ಬಣ್ಣ ತರಿಸಿ. ಹಾಗೆಯೇ ಒಂದು ಒಳ್ಳೆಯ ಮೈಬಣ್ಣ, ಒಂದು ಶುದ್ಧ ಬಿಳಿ. ಈ ನಾಲ್ಕು ಬಾಟಲಿ ಇನ್ನೂರು ಗೊಂಬೆಗೂ ಸಾಲುತ್ತವೆ, ಏಕೆಂದರೆ ಒಂದು ಗೊಂಬೆಗೆ ಒಂದು ಹನಿ ಸಾಕು. ಕೊರಿಯರ್ ಖರ್ಚು ಬಾಟಲಿಯ ಬೆಲೆಯನ್ನೇ ನುಂಗಬಾರದೆಂದರೆ ಊರಿನ ಮೂರ್ನಾಲ್ಕು ಜನ ಸೇರಿ ಒಂದೇ ಆರ್ಡರ್ ಹಾಕಿ.

ಅಂಗಡಿಯ ಕಟ್ಟೆ ಮೇಲೇ ಪರೀಕ್ಷೆ

ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಗಟ್ಟಿ ಬಿಲ್ಲೆ ಕೂತು ಅಲುಗದಿದ್ದರೆ ಹಳೇ ಸರಕು. ಮುಚ್ಚಳದ ಸುತ್ತ ಬಣ್ಣ ಒಣಗಿ ಕಟ್ಟಿದ್ದರೂ ಬೇಡ. ತೆರೆದಾಗ ಕೊಳೆತ ವಾಸನೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಅರ್ಥ, ಎಷ್ಟು ಕಲಕಿದರೂ ಅದು ಸುಧಾರಿಸುವುದಿಲ್ಲ.

ಮೊದಲು ಒಂದೊಂದು 15 ಮಿ.ಲೀ. ತಂದು ಮನೆಯಲ್ಲಿ ಎರಡು ಪರೀಕ್ಷೆ ಮಾಡಿ. ಹಳೇ ವಿಸಿಟಿಂಗ್ ಕಾರ್ಡಿನ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ದಪ್ಪ ಕಪ್ಪು ಗೆರೆ ಎಳೆದು, ತೆಳು ಮಾಡಿದ ಬಣ್ಣವನ್ನು ಅದರ ಮೇಲೆ ಬಳಿಯಿರಿ. ಎರಡು ಕೋಟ್‌ಗೆ ಗೆರೆ ಮಸುಕಾದರೆ ಸರಿ, ನಾಲ್ಕಕ್ಕೂ ಎದ್ದು ಕಂಡರೆ ಆ ಛಾಯೆ ಬೇಡ. ಇನ್ನೊಂದು, ಬಣ್ಣ ಬಳಿದ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಎರಡು ದಿನ ಒಣಗಿಸಿ, ಮುಖಕ್ಕೆ ಮುಖ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚಟ್ ಎಂದು ಸದ್ದು ಮಾಡಿ ಬಿಟ್ಟುಕೊಂಡರೆ ವಾರ್ನಿಶ್ ಇಲ್ಲದೆ ಅದನ್ನು ಬಳಸಬೇಡಿ. ಪಾಸಾದ ಛಾಯೆಗೆ ಮಾತ್ರ 100 ಮಿ.ಲೀ. ತನ್ನಿ, ಮುಖ್ಯ ಬಣ್ಣಕ್ಕೆ ಎರಡು ಬೇಕಿದ್ದರೆ ಒಂದೇ ಬ್ಯಾಚ್ ಸಂಖ್ಯೆಯದ್ದನ್ನು ಆರಿಸಿ. ಬ್ಯಾಚ್ ಬದಲಾದರೆ ಸೈನ್ಯದ ಅರ್ಧ ಭಾಗ ಬೇರೆ ರೆಜಿಮೆಂಟಿನಂತೆ ಕಾಣಬಹುದು.

ಅಗಲ ಬಾಯಿಯ ಡಬ್ಬಿಯಿಂದ ಬಣ್ಣ ತೆಗೆಯುವಾಗ ಹಾಳಾಗುವುದೇ ಹೆಚ್ಚು. ಹೋಮಿಯೋಪತಿ ಔಷಧಿ ಅಂಗಡಿಯಲ್ಲಿ 30 ಮಿ.ಲೀ. ಪ್ಲಾಸ್ಟಿಕ್ ಡ್ರಾಪರ್ ಬಾಟಲಿ ಕೇಳಿ, ಅದಕ್ಕೆ ತುಂಬಿಸಿಕೊಳ್ಳಿ. ಕಲಕಲೆಂದು ಸೈಕಲ್ ಬೇರಿಂಗಿನ ಗುಂಡು ಹಾಕುವವರಿದ್ದಾರೆ. ಅದು ನೀರಿನಲ್ಲಿ ತುಕ್ಕು ಹಿಡಿದು ತಿಳಿ ಬಣ್ಣವನ್ನೆಲ್ಲ ಕಂದು ಮಾಡುತ್ತದೆ. ಗಾಜಿನ ಮಣಿ ಎರಡು ಹಾಕಿ.

ಪ್ರೈಮರ್: ಸ್ಟೇಷನರಿ ಅಲ್ಲ, ಗ್ಯಾರೇಜಿನ ಸಾಮಾನು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ವಾಹನ ಪೇಂಟ್ ಅಂಗಡಿಗಳಲ್ಲಿ ಬೂದು ಬಣ್ಣದ ಸ್ಪ್ರೇ ಪ್ರೈಮರ್ ಕೇಳಿ. 400 ಮಿ.ಲೀ. ಡಬ್ಬಿ ಕೈಹದ ನೋಡಿ 60ರಿಂದ 100 ಕಾಲಾಳುಗಳಿಗೆ ಬರುತ್ತದೆ. "ಅಣ್ಣಾರ, ಗ್ರೇ ಪ್ರೈಮರ್ ಸ್ಪ್ರೇ ಐತ್ರ್ಯಾ? ಮ್ಯಾಟ್ ಬೇಕ್ರಿ, ಗ್ಲಾಸಿ ಬ್ಯಾಡ್ರಿ" ಎಂದು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಬಂಪರಿಗೆ ಹೊಡೆಯುವ ಹೊಳಪಿನ ಬಣ್ಣ ಕೈಗೆ ಬರುತ್ತದೆ. ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಸಾಗಿಸಲು ನಿರ್ಬಂಧ ಇರುವುದರಿಂದ ಆನ್‌ಲೈನ್‌ನಲ್ಲಿ ತರಿಸಿದರೆ ತಡವಾಗುತ್ತದೆ, ಸಾಗಣೆ ಖರ್ಚೂ ಹೆಚ್ಚು. ಇದನ್ನು ಊರಲ್ಲೇ ಕೊಳ್ಳುವುದು ಲೇಸು.

ಒಂದು ಎಚ್ಚರಿಕೆ. ವಾಹನದ ಪ್ರೈಮರ್‌ನಲ್ಲಿರುವ ಥಿನ್ನರ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಗೊಂಬೆ ಕತ್ತರಿಸಿ ಉಳಿದ ಚೌಕಟ್ಟಿನ ಮೇಲೆ ಮೊದಲು ಹೊಡೆದು ನೋಡಿ, ಮೈ ಮೆತ್ತಗಾದರೆ ಬೇರೆ ಪ್ರೈಮರ್ ಹುಡುಕಿ. ಪ್ರಿಂಟ್ ಮಾಡಿದ ರೆಸಿನ್ ಗೊಂಬೆಗೆ ಈ ಭಯ ಕಡಿಮೆ, ಆದರೆ ಅದರ ಮೈ ಜಿಡ್ಡು ಹೋಗುವಂತೆ ತೊಳೆದು, ಪೂರ್ತಿ ಕ್ಯೂರ್ ಆದ (ಬೆಳಕಿಗೆ ಗಟ್ಟಿಯಾದ) ಮೇಲೇ ಹೊಡೆಯಬೇಕು.

ಮರದ ಪಟ್ಟಿಗೆ ಡಬಲ್ ಟೇಪ್ ಅಂಟಿಸಿ, ಎಂಟು ಹತ್ತು ಗೊಂಬೆ ನಿಲ್ಲಿಸಿ, ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ, 20–30 ಸೆಂ.ಮೀ. ದೂರದಿಂದ ಬೀಸುತ್ತ ಹೋಗಿ. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋನೆ ಮಳೆ ಹಿಡಿದಾಗ ಹೊಡೆಯಬೇಡಿ, ಗಾಳಿಯ ತೇವ ಪದರದಲ್ಲಿ ಸಿಕ್ಕಿ ಬೂಷ್ಟು ಹಿಡಿದಂತೆ ಬಿಳಿಚುತ್ತದೆ. ವಾರ್ನಿಶ್ ಸ್ಪ್ರೇಗೆ ಈ ಮಾತು ಇನ್ನೂ ಹೆಚ್ಚು ಅನ್ವಯ, ಮುಗಿದ ಕೆಲಸವೇ ಹಾಳಾಗುತ್ತದೆ. ಗದಗಿನ ಕಡೆ ತೊಂದರೆ ಉಲ್ಟಾ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಹಾಕಿದ್ದು ಸುಮ್ಮನೆ ಅಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿಗೆ ಬಣ್ಣ ಗೊಂಬೆ ಮುಟ್ಟುವ ಮುಂಚೆ ಒಣಗಿ ಮರಳುಕಾಗದದಂತೆ ಒರಟಾಗುತ್ತದೆ. ಬೆಳಿಗ್ಗೆ ಎಂಟರೊಳಗೆ, ಮೂರು ಬದಿ ರಟ್ಟು ಕಟ್ಟಿಕೊಂಡು ಮುಗಿಸಿ, ಮೂಗಿಗೆ ಮಾಸ್ಕ್ ಇರಲಿ.

ವಾಶ್ ಮತ್ತು ನೀರು

ಮಡಿಕೆಗಳಲ್ಲಿ ನೆರಳು ತುಂಬುವ ವಾಶ್ ಅನ್ನು ಕೊಳ್ಳಲೇಬೇಡಿ, ಇಡೀ ಸೈನ್ಯಕ್ಕೆ ಬಳಿಯಬೇಕಾದ್ದರಿಂದ ಖರ್ಚು ಏರುವುದೇ ಇದರಿಂದ. ಒಂದು ಭಾಗ ಕಡು ಕಂದು ಅಕ್ರಿಲಿಕ್, ಎರಡು ಭಾಗ ಮ್ಯಾಟ್ ಮೀಡಿಯಂ, ಆರು ಭಾಗ ನೀರು. 30 ಮಿ.ಲೀ.ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಎರಡು ಹನಿಯಾದರೆ ನೊರೆ ಬಂದು, ಗುಳ್ಳೆ ಒಡೆದ ಜಾಗದಲ್ಲಿ ಉಂಗುರ ಉಳಿಯುತ್ತದೆ.

ಇಲ್ಲಿ ಬೋರ್‌ವೆಲ್ ನೀರು ಬಳಸಬೇಡಿ. ಗಡಸು ನೀರಿನ ಉಪ್ಪು ಒಣಗಿದ ಮೇಲೆ ಮಡಿಕೆಗಳಲ್ಲಿ ಬಿಳಿ ಗೆರೆಯಾಗಿ ಕೂರುತ್ತದೆ, ಬಹಳ ಜನ ಇದನ್ನು ಬಣ್ಣದ ದೋಷ ಎಂದುಕೊಳ್ಳುತ್ತಾರೆ. ಬ್ಯಾಟರಿ ಅಂಗಡಿಯಲ್ಲಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ತಂದಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಕೊಳ್ಳುವಾಗ ಆ್ಯಸಿಡ್ ಅಲ್ಲ, ನೀರು ಎಂದು ಖಚಿತ ಮಾಡಿಕೊಳ್ಳಿ, ಎರಡೂ ಒಂದೇ ಕಪಾಟಿನಲ್ಲಿರುತ್ತವೆ.

ಕುಂಚಕ್ಕೆ ಕ್ಯಾಮೆಲ್ 66 ಸಿಂಥೆಟಿಕ್ ಸಾಕು: 4ನೇ ನಂಬರ್ ಮೈಗೆ, 1 ಪಟ್ಟಿ–ಗುಂಡಿಗಳಿಗೆ. ತುದಿ ಬಾಗಿದ ಮೇಲೆ ಎಸೆಯಬೇಡಿ, ವಾಶ್ ಬಳಿಯಲು ಇಟ್ಟುಕೊಳ್ಳಿ.

ಗೊಂಬೆ ನಿಲ್ಲುವ ಬುಡದ ಬಿಲ್ಲೆಗೆ, ಮೊದಲು "ಬಿಡಿ" ಎಂದ ಮನೆಯ ಎಮಲ್ಶನ್ ನಡೆಯುತ್ತದೆ. ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳು ಉದುರಿಸಿ, ಒಂದು ದಿನ ಒಣಗಿಸಿ, ಮನೆ ಪೇಂಟ್ ಮಾಡಿಸಿದಾಗ ಉಳಿದ ಡಬ್ಬಿಯ ಬಣ್ಣಕ್ಕೆ ಸ್ಟೇನರ್ (ಗೋಡೆ ಬಣ್ಣಕ್ಕೆ ಛಾಯೆ ಕೊಡಲು ಬೆರೆಸುವ ಗಾಢ ದ್ರವ) ಕೆಲವು ಹನಿ ಬೆರೆಸಿ ಮಣ್ಣಿನ ಛಾಯೆ ಮಾಡಿ ಬಳಿಯಿರಿ. ಸ್ಟೇನರ್ ಜಾಸ್ತಿಯಾದರೆ ತಿಂಗಳಾದರೂ ಕೈಗೆ ಹತ್ತುತ್ತದೆ, ಏಕೆಂದರೆ ಅದರಲ್ಲಿ ಅಂಟೇ ಇಲ್ಲ. ಎರೆಮಣ್ಣಿನ ಕಪ್ಪು ಬೇಕಿದ್ದರೆ ಕಪ್ಪು ಸ್ಟೇನರ್ ಜೊತೆ ಕಂದು ಒಂದೆರಡು ಹನಿ ಬೆರೆಸಿ, ಬರೀ ಕಪ್ಪು ಹಾಕಿದರೆ ಡಾಂಬರು ರಸ್ತೆಯಾಗುತ್ತದೆ.